ಕರ್ತನ ಮೇಜಿನ ಪೇಪರ್ ಲೋಟ

"ನಾಟಕ ಸಾಕು ಜಯಶೀಲ. ಕುಡ್ದು ಎದ್ದೇಳು, ಹಿಂದೆ ಜನ ಕಾಯ್ತಿದಾರೆ."

ನಮ್ಮ ಪಾದ್ರಿ ಅಯ್ಯನವರು ಇದನ್ನು ಮೈಕಿನಿಂದ ಬಾಯಿ ಸರಿಸದೆಯೇ ಹೇಳಿದ್ದರಿಂದ ಇಡೀ ಚರ್ಚಿಗೆ ಕೇಳಿಸಿತು. ಬಲಿಪೀಠದ ಮುಂದಿನ ಕಟಾಂಜನದ ಹತ್ತಿರ ನನ್ನ ಗಂಡ ಮಂಡಿಯೂರಿದ್ದ. ಅವನ ಕೈಯಲ್ಲಿ ಹೆಬ್ಬೆರಳಿನಷ್ಟು ಪೇಪರ್ ಲೋಟ, ಅದರಲ್ಲಿ ಯೇಸುವಿನ ರಕ್ತವೆಂದು ಕೊಡುವ ಕರ್ತನ ಭೋಜನದ ದ್ರಾಕ್ಷಾರಸ, ಇನ್ನೂ ಕುಡಿದಿರಲಿಲ್ಲ. ಪಕ್ಕದಲ್ಲಿ ಮಂಡಿಯೂರಿದ್ದ ಡಾಕ್ಟರ ಹೆಂಡತಿಯ ಕೈಯಲ್ಲಿ ಗಾಜಿನ ಲೋಟ.

ಕೊರೋನಾ ಬರುವ ತನಕ ಭದ್ರಾವತಿಯ ನಮ್ಮ ಸಭೆಯಲ್ಲಿ ಒಂದೇ ಬೆಳ್ಳಿ ಬಟ್ಟಲು ಎಲ್ಲರ ತುಟಿಗೂ ಬರುತ್ತಿತ್ತು. ರೋಗದ ಕಾಲಕ್ಕೆ ಪುಟ್ಟ ಪುಟ್ಟ ಲೋಟ ಬಂದವು, ಸರಿಯೇ. ರೋಗ ಹೋದ ಮೇಲೆ ಮುಂದಿನ ಬೆಂಚಿನವರಿಗೆ ಗಾಜಿನದು, ಪೌರಕಾರ್ಮಿಕರ ಕಾಲೋನಿಯಿಂದ ಬರುವ ನಮಗೆ ಕುಡಿದು ಬಿಸಾಡುವ ಪೇಪರಿನದು ಎಂದಾಯಿತು. ಕೇಳಿದರೆ ಹೈಜೀನ್ ಎಂದರು. ನಾವು ಬೀದಿ ಗುಡಿಸುವವರು, ಚರಂಡಿಗೆ ಇಳಿಯುವವರು. ಇವರ ಹೈಜೀನಿಗೆ ಬೆಂಕಿ ಬೀಳಲಿ, ಭೋಜನ ಮುಗಿದ ಮೇಲೆ ಆ ಗಾಜಿನ ಲೋಟಗಳನ್ನು ತೊಳೆಯುತ್ತಿದ್ದವಳು ನಾನೇ. ಜಯಶೀಲನ ತಾತ ಊರು ಬಿಟ್ಟು ಇಲ್ಲಿಗೆ ಬಂದು ಯೇಸುವನ್ನು ನಂಬಿದ್ದು, ಹೋಟೆಲಿನ ಹೊರಗಿನ ಗೂಡಿನಲ್ಲಿ ನಮ್ಮವರಿಗೆಂದೇ ಇಟ್ಟ ಲೋಟದಲ್ಲಿ ಟೀ ಕುಡಿಯಲಾರದೆ.

ಜಯಶೀಲ ಲೋಟವನ್ನು ಕೆಳಗಿಟ್ಟು ಎದ್ದ.

"ಕರ್ತ ಹಿಂಗೆ ಕೊಡ್ಲಿಲ್ಲ, ಅಯ್ನೋರೇ," ಎಂದ. ಅಷ್ಟೇ ಅವನು ಆಡಿದ್ದು.

ಮುಂದಿನ ಭಾನುವಾರ ಅವನನ್ನು ಭೋಜನದಿಂದ ತಡೆದಿದ್ದೇವೆ ಎಂದು ಪ್ರಕಟಿಸಿದರು. ಕರ್ತನ ರಕ್ತಕ್ಕೆ ಅವಮಾನ ಮಾಡಿದನಂತೆ. ಸಭೆಯ ಮುಂದೆ ನಿಂತು ತಪ್ಪಾಯಿತು ಅನ್ನುವ ತನಕ ಅವನಿಗೆ ರೊಟ್ಟಿಯಿಲ್ಲ, ದ್ರಾಕ್ಷಾರಸವಿಲ್ಲ. ಅವನು ಅನ್ನಲಿಲ್ಲ. ಚರ್ಚಿಗೆ ಹೋಗುವುದನ್ನೂ ಬಿಡಲಿಲ್ಲ. ಎರಡು ವರ್ಷ ಭೋಜನದ ಹೊತ್ತಿಗೆ ಎದ್ದು ಹೊರಗೆ ಚಪ್ಪಲಿಗಳ ಹತ್ತಿರ ನಿಂತುಕೊಳ್ಳುತ್ತಿದ್ದ.

ಈ ಬೇಸಿಗೆಯಲ್ಲಿ ಅವನ ಎದೆ ಕೈಕೊಟ್ಟಿತು. ಚರಂಡಿಯ ಗಾಳಿ ಕುಡಿದ ಎದೆ, ಇನ್ನೆಷ್ಟು ತಡೆದೀತು? ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಮನೆಗೆ ಬಂದವನು ಗಂಜಿ ಕೇಳಲಿಲ್ಲ, ಮಗಳನ್ನು ಕರೆಸು ಎನ್ನಲಿಲ್ಲ.

"ಭೋಜನ ತಗಂಡು ಹೋಗ್ಬೇಕು ಕಣೇ, ರೂತಿ," ಎಂದ.

ಅಯ್ಯನವರ ಬಂಗಲೆಗೆ ಓಡಿದೆ. ಗೇಟಿನ ಹತ್ತಿರವೇ ನಿಲ್ಲಿಸಿ, ತಪ್ಪೊಪ್ಪಿಗೆ ಆಗದೆ ಬರುವಂತಿಲ್ಲ, ಸಭೆಗೆ ಒಂದು ಶಿಸ್ತು ಇದೆ ಎಂದರು. ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ಅವರಿಗಿಂತ ಮೇಲಿನ ಅಯ್ಯನವರ ಕಾಲು ಹಿಡಿದೆ. ಅವರು ಕಾಫಿ ಕುಡಿಯುತ್ತಲೇ, ಸ್ಥಳೀಯ ವಿಷಯಕ್ಕೆ ತಾವು ಕೈಹಾಕುವುದಿಲ್ಲ, ಪ್ರಾರ್ಥನೆಯಲ್ಲಿ ನೆನೆಯುತ್ತೇವೆ ಎಂದರು. ನೆನೆದು ಏನು ಮಾಡುತ್ತಾರೆ, ಮಣ್ಣು.

ಕೊನೆಗೆ ಅವನಿಗೆ ತಿಳಿಸದೆ ನಾನೇ ಭಾನುವಾರ ಸಭೆಯ ಮುಂದೆ ನಿಂತೆ. ಸೆರಗು ಹೊದ್ದು, ನನ್ನ ಗಂಡನದು ತಪ್ಪಾಯಿತು, ಕ್ಷಮಿಸಿ ಎಂದೆ.

"ಗಟ್ಟಿಯಾಗಿ ಹೇಳಮ್ಮ. ಹಿಂದಿನವರಿಗೆ ಕೇಳಿಸ್ತಿಲ್ಲ," ಎಂದರು ಅಯ್ಯನವರು.

ಗಟ್ಟಿಯಾಗಿ ಹೇಳಿದೆ. ಪಕ್ಕದ ಮನೆಯ ಪುಷ್ಪಾ ತಲೆ ತಗ್ಗಿಸಿಕೊಂಡಳು.

ಸಂಜೆ ಅಯ್ಯನವರು ಮೂಗಿಗೆ ಕರ್ಚೀಫು ಹಿಡಿದು ಕಾಲೋನಿಯ ಮೋರಿ ದಾಟಿ ಬಂದರು. ಪುಷ್ಪಾ ತಂದಿಟ್ಟ ಕುರ್ಚಿಯಲ್ಲಿ ಕೂರಲಿಲ್ಲ. ಚೀಲದಿಂದ ಬಾಟಲಿ ತೆಗೆದರು, ರೊಟ್ಟಿಯ ಚೂರು ತೆಗೆದರು, ಆಮೇಲೆ ಅದೇ ಪೇಪರ್ ಲೋಟ ತೆಗೆದರು.

ಜಯಶೀಲ ಲೋಟ ನೋಡಿದ. ಆಮೇಲೆ ನನ್ನನ್ನು ನೋಡಿದ.

"ನೀನೇನಾರ ತಪ್ಪಾಯ್ತು ಅಂದ್ಯಾ?"

ನಾನು ಅವನ ಹೊದಿಕೆ ಸರಿಮಾಡತೊಡಗಿದೆ. ಅವನು ಮೆಲ್ಲಗೆ ಗೋಡೆಯ ಕಡೆ ತಿರುಗಿಕೊಂಡ. ಯಾವುದಕ್ಕಾಗಿ ಅಷ್ಟು ವರ್ಷ ಚಪ್ಪಲಿಗಳ ಹತ್ತಿರ ನಿಂತಿದ್ದನೋ ಅದನ್ನು ನಾನು ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟು ಬಂದಿದ್ದೆ.

"ನೋಡಮ್ಮ, ಸಾಯೋ ಹೊತ್ತಲ್ಲೂ ಎಂಥ ಸೊಕ್ಕು," ಎಂದರು ಅಯ್ಯನವರು.

"ಸೊಕ್ಕು ನಿಂದು ಕಣೋ, ಬೋಳಿಮಗನೇ. ನಡಿ ಆಚೆಗೆ."

ಬೈದವಳು ನಾನೇ. ಅಯ್ಯನವರೊಬ್ಬರನ್ನು ಏಕವಚನದಲ್ಲಿ ಕರೆದದ್ದು ಜನ್ಮದಲ್ಲಿ ಅದೇ ಮೊದಲು. ಅವರು ಬಾಟಲಿಯನ್ನು ಚೀಲಕ್ಕೆ ತುರುಕಿ, ಇವನನ್ನು ಸಭೆಯ ಸಮಾಧಿ ತೋಟದಲ್ಲಿ ಹೇಗೆ ಹೂಳುತ್ತೀರೋ ನೋಡುತ್ತೇನೆ ಎಂದು ಹೇಳಿ ಹೊರಟುಹೋದರು.

ರೋಗಿಗೆಂದು ಪುಷ್ಪಾ ತಂದುಕೊಟ್ಟಿದ್ದ ಕಪ್ಪು ದ್ರಾಕ್ಷಿ ಮೂಲೆಯಲ್ಲಿತ್ತು. ನಮ್ಮ ಸ್ಟೀಲ್ ಲೋಟಕ್ಕೆ ಹಿಸುಕಿದೆ. ಮಧ್ಯಾಹ್ನದ ರಾಗಿ ರೊಟ್ಟಿ ತಣ್ಣಗಾಗಿತ್ತು, ಅದನ್ನೇ ಮುರಿದೆ. ಭೋಜನ ಕೊಡುವಾಗ ಅಯ್ಯನವರಷ್ಟೇ ಹೇಳಬಹುದಾದ ಮಾತುಗಳಲ್ಲಿ ಅರ್ಧ ನೆನಪಿಗೆ ಬಂದವು, ಅರ್ಧ ಬರಲಿಲ್ಲ. ಬಂದಷ್ಟನ್ನು ಹೇಳಿದೆ. ನಾನೊಂದು ಗುಟುಕು ಕುಡಿದೆ, ಪುಷ್ಪಾಳಿಗೆ ಕೊಟ್ಟೆ, ಆಮೇಲೆ ಅವನ ತಲೆ ಎತ್ತಿ ಅದೇ ಲೋಟವನ್ನು ತುಟಿಯ ಹತ್ತಿರ ಹಿಡಿದೆ.

ಅವನ ಕಣ್ಣಲ್ಲಿ ಹೆದರಿಕೆ ಇತ್ತು. ಚರಂಡಿಗೆ ಇಳಿಯುವಾಗಲೂ ಅವನಲ್ಲಿ ನಾನು ಅಂಥ ಹೆದರಿಕೆ ಕಂಡಿರಲಿಲ್ಲ.

"ನಿಂಗೆ ಇದ್ರ ಅಧಿಕಾರ ಐತೇನೇ, ರೂತಿ?"

"ಗೊತ್ತಿಲ್ಲ," ಎಂದೆ. "ಬಾಯಿ ತೆಗಿ."