ರುಜುವಿಲ್ಲದ ಸುರುಳಿ

ಫುಶಿಮಿ ಊರಿನಲ್ಲಿ ಸಾಕೆ ಎಂಬ ಅಕ್ಕಿಮದ್ಯದ ಭಟ್ಟಿಯ ಹಳೇ ಉಗ್ರಾಣ ಕೆಡವುವಾಗ ಗೋಡೆಯೊಳಗೆ ಒಂದು ಚಿತ್ರಸುರುಳಿ ಸಿಕ್ಕಿತು. ಗಂಡುಹೆಣ್ಣು ಕೂಡಿದ ಚಿತ್ರಗಳು, ರುಜು ಇಲ್ಲ. ತೀರಿಹೋದ ಕಲಾವಿದ ಶೂಗಾಕುವಿನ ಕೈ ಇರಬೇಕೆಂದು ಊಹಿಸಿದ ಭಟ್ಟಿಯ ಯಜಮಾನ ಹಿಸಾಮಿತ್ಸು, ಆ ಕಲಾವಿದನ ಹೆಂಡತಿ ಒರಿಯೆಯನ್ನು ಕರೆಸಿದ. ಆಪ್ತರ ಮುಂದೆ ಸುರುಳಿ ಬಿಚ್ಚುವುದು, ಅವಳು ಹೌದೆಂದರೆ ಸುರುಳಿ ಇಡುವ ಪೆಟ್ಟಿಗೆಯ ಮೇಲೆ ಗಂಡನ ಹೆಸರು ಬರೆಯುವುದು ಎಂದು ಮಾತಾಗಿತ್ತು.

ಒಬ್ಬಳೇ ಹೋಗಲು ನಾಚಿಕೆಯಾಗಿ ಒರಿಯೆ ತನ್ನ ಗೆಳತಿ ಒತಾಕಿಯನ್ನು ಜೊತೆಗೆ ಕರೆದಳು. ಕೇರಿಯವರೆಲ್ಲ ಮೀಯಲು ಬರುವ ಸ್ನಾನಗೃಹ ನಡೆಸುವ ಬಾಯಿಬಡುಕಿ ಒತಾಕಿ ಅಂದು ದಾರಿಯುದ್ದಕ್ಕೂ ಮಾತಾಡಲಿಲ್ಲ.

ರೇಷ್ಮೆ ವಸ್ತ್ರ ಸರಿಸಿ ಸುರುಳಿ ಬಿಚ್ಚಿದರು. ಗಂಡಸರು ಕಿಸಕ್ಕನೆ ನಕ್ಕರು. ಕೂದಲಿನ ಎಳೆ ನೋಡಿದೊಡನೆ ಒರಿಯೆಗೆ ಗಂಡನ ಕುಂಚ ಗೊತ್ತಾಯಿತು. ಆಮೇಲೆ ಹೆಣ್ಣಿನ ಕಿವಿಯ ಕೆಳಗಿನ ಮಚ್ಚೆ ಕಾಣಿಸಿತು. ಅದೇ ಮಚ್ಚೆ ಪಕ್ಕದಲ್ಲೇ ಕೂತಿತ್ತು, ಮುದಿ ಚರ್ಮದ ಮೇಲೆ.

"ನೀನಾ?" ಪಿಸುಗುಟ್ಟಿದಳು.

"ಆ ಗಂಡಸು ಯಾರೂಂತ ನೋಡೇ ಮಾರಾಯ್ತಿ. ಈ ಹಿಸಾಮಿತ್ಸುವಿನ ಅಪ್ಪ, ಭಟ್ಟಿ ಮುದುಕ! ಅವನೇ ಬರೆಸಿದ್ದು. ನಿನ್ನ ಗಂಡ ಬರೆದದ್ದಷ್ಟೇ, ನನ್ನ ಬೆರಳೂ ಮುಟ್ಟಿಲ್ಲ," ಒತಾಕಿ ಕಿವಿಯಲ್ಲಿ ಉಸುರಿದಳು.

"ಬರೀವಾಗ ಏನಂತಿದ್ರು?"

"ಏನೂ ಇಲ್ಲ. ಚಳಿ ಅಂದೆ. ತಾವೇ ಎದ್ದು ಕೆಂಡದ ಕುಂಡ ನನ್ನ ಹತ್ತಿರ ಸರಿಸಿದ್ರು."

ಗಂಡ ಮುಟ್ಟಿದ್ದರೂ ಒರಿಯೆಗೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಬಾಳುವೆಯುದ್ದಕ್ಕೂ ಅವಳೇ ಅವನಿಗೆ ಕೆಂಡ ಹಾಕಿದ್ದಳು, ಬಣ್ಣ ಅರೆದಿದ್ದಳು. "ನನ್ನದೊಂದು ಚಿತ್ರ ಬರೀರಿ" ಅಂದಾಗ "ನಿನ್ನನ್ನ ದಿನಾ ನೋಡ್ತೀನಲ್ಲ" ಅಂದಿದ್ದ. ಇಲ್ಲಿ ಈ ಹೆಣ್ಣಿನ ಹಿಮ್ಮಡಿಯ ಬಿರುಕನ್ನೂ ಬಿಡದೆ, ಆಸೆಪಟ್ಟು ಬರೆದಿದ್ದಾನೆ.

ಹಿಸಾಮಿತ್ಸು ಬಾಗಿ ಕೇಳಿದ: "ಏನಂತೀರಿ, ಅಮ್ಮಾ? ಶೂಗಾಕು ಗುರುಗಳದೇ ತಾನೇ?"

"ಅಲ್ಲ," ಒರಿಯೆ ಅಂದಳು. "ನಮ್ಮವರ ಕೈ ಇಷ್ಟು ಒರಟಲ್ಲ."

ಸುರುಳಿಯನ್ನು ಹೆಸರಿಲ್ಲದೆಯೇ ಸುತ್ತಿಟ್ಟರು.

ವಾಪಸಾಗುವಾಗ ಸೇತುವೆ ಹತ್ತಿರ ಒತಾಕಿ ನಿಂತಳು. ಕಣ್ಣು ಕೆಂಪಾಗಿತ್ತು. "ಜನ್ಮದಲ್ಲಿ ಒಂದೇ ಸಲ, ಆ ಚಿತ್ರದಲ್ಲಿ, ಚೆಂದ ಕಾಣಿಸಿದ್ದೆ ಕಣೇ. ಅದನ್ನೂ ಒರಟು ಅಂದ್ಯಲ್ಲ!"

ಒತಾಕಿ ಬೇರೆ ದಾರಿ ಹಿಡಿದಳು. ಆಮೇಲೆ ಒರಿಯೆ ಆಚೆ ಕೇರಿಯ ಸ್ನಾನಗೃಹಕ್ಕೆ ಹೋಗತೊಡಗಿದಳು.