ರಮಾಮಣಿಯ ಕಾರ್ಡು

ಭಾನುವಾರ ಬೆಳಿಗ್ಗೆ ರಮಾಮಣಿ ಸೋಫಾದ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಮುಲುಂಡಿನಿಂದ ದಾದರಿನ ಶಾಲೆಗೆ ದಿನಾ ಮುಂಬಯಿಯ ಲೋಕಲ್ ರೈಲಿನಲ್ಲಿ ನಿಂತೇ ಹೋಗಿಬರುವ ಕಾಲು ಅದು.

“ಈ ಸಲ ಫಸ್ಟ್ ಕ್ಲಾಸ್ ಪಾಸ್ ಮಾಡಿಸ್ಕೊಳ್ಳಲಾ?”

“ಎಷ್ಟು ಬೇಕು? ಯಾಕೆ? ಮುಂದಿನ ತಿಂಗಳು ನೋಡೋಣ,” ಎಂದ ಗಂಡ ಕಿಟ್ಟು, ಪೇಪರಿನಿಂದ ತಲೆ ಎತ್ತದೆ. ಅವನ ಪಾಸು ಫಸ್ಟ್ ಕ್ಲಾಸಿನದೇ. ಅವಳ ಸಂಬಳದ ಡೆಬಿಟ್ ಕಾರ್ಡ್ ಬ್ಯಾಂಕಿನಿಂದ ಬಂದ ದಿನದಿಂದ ಅವನ ಪರ್ಸಿನಲ್ಲೇ ಇತ್ತು. ಕಿಟ್ಟು ಕೆಟ್ಟವನೇನಲ್ಲ. ದುಡ್ಡಿನ ತಲೆನೋವು ಗಂಡಸಿಗಿದ್ದರೆ ಹೆಂಗಸಿಗೆ ನೆಮ್ಮದಿ ಎಂದು ಮನಸಾರೆ ನಂಬಿದ್ದ. ನೆಮ್ಮದಿಯಾಗಿದ್ದೀಯಾ ಎಂದು ಅವಳನ್ನು ಕೇಳುವುದೊಂದು ಮರೆತಿತ್ತು.

ಲಾ ಪರೀಕ್ಷೆಗೆ ಓದುತ್ತಿದ್ದ ಮಗಳು ಧಾತ್ರಿ ಪುಸ್ತಕ ಮಡಚಿದಳು. “ಪಪ್ಪಾ, ಅಮ್ಮನ ಕಾರ್ಡ್ ಯೂಸ್ ಮಾಡೋ ಮೊದಲು ಕಭೀ ಪೂಛಾ ಕ್ಯಾ? ಒಂದ್ಸಲನಾದ್ರೂ ಕೇಳಿದೀಯಾ?”

“ಅವಳು ಯಾವತ್ತಾದ್ರೂ ಬೇಡ ಅಂದಿದಾಳಾ? ಮೌನಂ ಸಮ್ಮತಿ ಲಕ್ಷಣಂ.”

“ಕಾಂಟ್ರಾಕ್ಟ್ ಲಾದಲ್ಲಿ ಉಲ್ಟಾ. ಒಬ್ಬ ಮಾಮ ಅಳಿಯನಿಗೆ ಲೆಟರ್ ಬರೆದ, ಉತ್ತರ ಬರ್ಲಿಲ್ಲ ಅಂದ್ರೆ ನಿನ್ನ ಕುದುರೆ ನಂದು ಅಂತ. ಅಳಿಯ ಚುಪ್. ಕೋರ್ಟ್ ಹೇಳ್ತು, ಸುಮ್ಮನಿದ್ರೆ ಒಪ್ಪಿಗೆ ಅಲ್ಲ, ಕುದುರೆ ಮಾಮಂದಲ್ಲ.”

“ನಿನ್ನ ಕೋರ್ಟಿಗೆ ಸಂಸಾರ ಗೊತ್ತಿಲ್ಲ,” ಎಂದು ಕಿಟ್ಟು ನಕ್ಕ. ರಮಾಮಣಿ ಏನೂ ಹೇಳಲಿಲ್ಲ. ಅದನ್ನೂ ಅವನು ಒಪ್ಪಿಗೆಯೆಂದೇ ಎಣಿಸಿದ.

ಮುಂದಿನ ಭಾನುವಾರ ಕಿಟ್ಟು ದೊಡ್ಡದೊಂದು ಟಿವಿ ಆರಿಸಿ, ಅಂಗಡಿಯ ಯಂತ್ರದಲ್ಲಿ ಅವಳ ಕಾರ್ಡ್ ಹಾಕಿದ. ಪಿನ್ ತಪ್ಪು ಎಂದಿತು. ಇನ್ನೊಮ್ಮೆ ಒತ್ತಿದ, ಮತ್ತೂ ಒಮ್ಮೆ. ಕಾರ್ಡಿಗೆ ಬೀಗ ಬಿತ್ತು.

“ಅಂಕಲ್, ಇಸ್ ಪೆ ತೋ ರಮಾಮಣಿ ಲಿಖಾ ಹೈ. ಆಪ್ ಕಾ ಹೈ ಕ್ಯಾ?” ಎಂದ ಕೌಂಟರಿನವನು. ಕಾರ್ಡಿನ ಮೇಲೆ ಯಾವ ಹೆಂಗಸಿನ ಹೆಸರಿದೆಯೆಂದು ನೋಡಲು ಹಿಂದೆ ನಿಂತವರೆಲ್ಲ ಕತ್ತು ಉದ್ದ ಮಾಡಿದರು.

ಮನೆಗೆ ಬಂದವನೇ ರೇಗಿದ. “ಪಿನ್ ಬದಲಾಯಿಸಿದ್ಯಾ? ನನಗೊಂದು ಮಾತು ಹೇಳಬಾರ್ದಾ?”

“ಹೂಂ, ಬ್ಯಾಂಕಿನ ಆ್ಯಪ್‌ನಲ್ಲಿ ಬದಲಾಯಿಸಿದೆ. ಪಿನ್ ಯಾರಿಗೂ ಹೇಳಲ್ಲ, ಮನೆಯವರಿಗೂ ಹೇಳಲ್ಲ ಅಂತ ಬ್ಯಾಂಕಿಗೆ ಸಹಿ ಹಾಕಿ ಕೊಟ್ಟಿದೀನಿ. ಇಷ್ಟು ವರ್ಷ ಆ ಮಾತು ಮುರಿದಿದ್ದೆ,” ಎಂದಳು ರಮಾಮಣಿ. “ಈಗ ಎಷ್ಟು ಬೇಕಿತ್ತು? ಯಾಕೆ?”

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಆದರೆ ಆ ಪ್ರಶ್ನೆಗಳು ತನ್ನವೇ ಎಂದು ಕಿಟ್ಟುವಿಗೆ ಹೊಳೆಯಿತು. ಉತ್ತರ ಕೊಡುವ ಕಡೆ ನಿಂತಾಗ ಅವು ಇಷ್ಟು ಚುಚ್ಚುತ್ತವೆಂದು ತಿಳಿದಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

“ಟಿವಿಗೆ,” ಎಂದ ಮೆಲ್ಲಗೆ.

“ಇರೋದು ಚೆನ್ನಾಗೇ ಇದೆಯಲ್ಲ? ಮುಂದಿನ ತಿಂಗಳು ನೋಡೋಣ.”

ಒಳಗಿನಿಂದ ಧಾತ್ರಿ ಕಿಸಕ್ಕೆಂದಳು. ಕಿಟ್ಟುವಿಗೂ ನಗು ತಡೆಯಲಾಗಲಿಲ್ಲ. ಪರ್ಸಿನಿಂದ ಕಾರ್ಡ್ ತೆಗೆದು ಅವಳ ಬ್ಯಾಗಿನೊಳಗೆ ಇಟ್ಟ.

ಕಾರ್ಡಿನ ಬೀಗ ಮರುದಿನ ತೆರೆಯಿತು. ಸ್ಟೇಷನ್ನಿನ ಕೌಂಟರಿನಲ್ಲಿ, “ಫಸ್ಟ್ ಕ್ಲಾಸ್?” ಎಂದು ಕೇಳಿದಾಗ ರಮಾಮಣಿ ಹಳೆಯ ಅಭ್ಯಾಸದಂತೆ ಗಂಡನ ಮುಖ ನೋಡಿದಳು.

“ನನ್ನನ್ನೇನು ನೋಡ್ತೀಯ? ಕುದುರೆ ನಿಂದು,” ಎಂದ ಕಿಟ್ಟು. ಅವಳು ಪಿನ್ ಒತ್ತುವಾಗ ಅವನು ಆ ಕಡೆ ತಿರುಗಿ ನಿಂತ.