ಥಂಡಿಯಲ್ಲಿ ತಪ್ಪಿದ ದಿಕ್ಕು

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಆಯಿಶಾಳ ಗಾಡಿ ಮೊದಲ ದಿನವೇ ಮೆಣಸಿನಕಾಯಿ ಚೀಲಗಳಿಗೆ ಗುದ್ದಿತು. ಡ್ರೈವರ್ ಇಲ್ಲದೆ ತಾನೇ ಓಡುವ ಬ್ಯಾಟರಿ ಗಾಡಿ ಅದು. ರಾಣೆಬೆನ್ನೂರಿನ ತನ್ನ ವರ್ಕ್‌ಶಾಪಿನಲ್ಲಿ ಒಂದೂವರೆ ವರ್ಷ ಕೂತು ಕಟ್ಟಿದ್ದಳು. ಅಷ್ಟು ದಪ್ಪ ಗೋಡೆಯೊಳಗೆ ಉಪಗ್ರಹದ ಸಿಗ್ನಲ್ ಬರುವುದಿಲ್ಲ. ಹಾಗಾಗಿ ಎಷ್ಟು ದೂರ ಬಂದೆ, ಎತ್ತ ಹೊರಳಿದೆ ಎಂಬುದನ್ನು ಗಾಡಿ ತನ್ನೊಳಗಿನ ಮೂರು ಸೆನ್ಸರುಗಳಿಂದಲೇ ತಿಳಿಯಬೇಕು. ಮೂರರಲ್ಲಿ ಒಂದು ಬೇರೆ ಮಾತಾಡಿದರೆ ಅದನ್ನು ಬಿಟ್ಟು ಉಳಿದೆರಡನ್ನು ನಂಬು ಎಂದು ಅದಕ್ಕೆ ಕಲಿಸಿದ್ದಳು.

ಆದರೂ ಆ ದಿನ ಅರ್ಧ ದಾರಿಯಲ್ಲಿ ಗಾಡಿ ಮೆಲ್ಲಗೆ ಎಡಕ್ಕೆ ವಾಲಿತು. ಮುಂದಿದ್ದ ಹಮಾಲ ಸೋಮಣ್ಣ ಚಂಗನೆ ಹಿಂದೆ ಹಾರಿದ. ಮೂರು ಚೀಲ ಕೆಳಗುರುಳಿದವು.

"ಕಣ್ಣು ಕಟ್ಟಿ ಬಿಟ್ಟಂಗ ಹೊಂಟಿತಲ್ರಿ ಮೇಡಂ," ಎಂದ ಸ್ಟೋರೇಜಿನ ಮಾಲಕ ಗುಡ್ಡಪ್ಪ.

"ತಪ್ಪು ನಂದ ಐತ್ರಿ. ಎಂಟು ದಿನ ಕೊಡ್ರಿ, ಸರಿ ಮಾಡ್ಕೊಂಡು ಬರ್ತೇನಿ."

ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಗಾಡಿಯ ಓಟದ ಲೆಕ್ಕ ತೆಗೆದಾಗ ಅವಳಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಗಾಡಿ ಕೈಬಿಟ್ಟಿದ್ದ ಆ ಒಂದು ಸೆನ್ಸರೇ ಸರಿಯಾಗಿ ಹೇಳಿತ್ತು. ಉಳಿದೆರಡು ಒಂದೇ ಕಂಪನಿಯವು, ಒಂದೇ ಪೆಟ್ಟಿಗೆಯಲ್ಲಿ ಬಂದವು. ಥಂಡಿ ಹತ್ತಿದೊಡನೆ ಎರಡೂ ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ತಪ್ಪಿದ್ದವು. ಬಹುಮತ ತಪ್ಪಿನ ಕಡೆಗಿತ್ತು.

ಮಾರನೆಯ ದಿನ ಅವಳು ಸೆನ್ಸರುಗಳನ್ನೆಲ್ಲ ಮನೆಯ ಫ್ರಿಜ್ಜಿನಲ್ಲಿಟ್ಟಳು. ತಾಯಿ ಮೆಹಬೂಬಿ ಮಗಳ ಜೊತೆ ಮಾತಾಡುವುದು ಉರ್ದುವಿನಲ್ಲಿ. ಸಿಟ್ಟು ಬಂದಾಗ ಮಾತ್ರ ಕನ್ನಡ.

"ಹಾಲು ಹೊರಗಿಟ್ಟು ಈ ಡಬ್ಬಿ ಒಳಗಿಟ್ಟೀಯಲ್ಲ, ತಲಿ ನೆಟ್ಟಗೈತೇನ ನಿಂದು?"

"ಥಂಡಿಯೊಳಗ ಇವು ಎಷ್ಟು ಸುಳ್ಳು ಹೇಳ್ತಾವ ನೋಡಬೇಕಮ್ಮಿ."

"ಸುಳ್ಳು ಅಳೀಲಿಕ್ಕೆ ಬರ್ತೈತೇನ?"

"ದಿನಾ ಅಷ್ಟಕ್ಕಷ್ಟೇ ಸುಳ್ಳು ಹೇಳಿದ್ರ, ಅಷ್ಟನ್ನ ಕಳದ್ರ ಖರೇ ಸಿಗ್ತೈತಿ."

ಮೆಹಬೂಬಿ ಗೊಣಗುತ್ತಲೇ ಹಾಲು ಕಾಯಿಸಲು ಹೋದಳು. ಆಯಿಶಾ ಐದು ದಿನ ಅಳೆದಳು. ಯಾವ ಸೆನ್ಸರು ಎಷ್ಟು ಥಂಡಿಯಲ್ಲಿ ಎಷ್ಟು ತಪ್ಪುತ್ತದೆ ಎಂದು ಗಾಡಿಗೆ ಬರೆದುಕೊಟ್ಟಳು. ಮೂರನೇ ಕಂಪನಿಯದೊಂದು ಸೆನ್ಸರು ಸೇರಿಸಿ ನಾಲ್ಕು ಮಾಡಿದಳು. ಗಾಲಿ ಎಷ್ಟು ಸುತ್ತು ತಿರುಗಿತು ಎಂಬುದನ್ನೂ ತಾಳೆ ನೋಡುವಂತೆ ಮಾಡಿದಳು.

ಎಂಟನೆಯ ದಿನ ಬೆಳಿಗ್ಗೆ ಗಾಡಿ ಮತ್ತೆ ಬ್ಯಾಡಗಿಯಲ್ಲಿತ್ತು. ಹತ್ತು ಚೀಲ ಹೊತ್ತು ಹೊರಡುವ ಮುನ್ನ ಆಯಿಶಾ ಒಂದು ಸೆನ್ಸರಿನ ಸ್ಕ್ರೂ ಸಡಿಲಿಸಿ ಅದನ್ನು ಓರೆಯಾಗಿ ತಿರುಗಿಸಿದಳು.

"ಅಯ್ಯ, ನೀವ ಕೆಡಸಾಕತ್ತೀರಲ್ರಿ!" ಎಂದ ಗುಡ್ಡಪ್ಪ.

"ಕೆಟ್ಟಾಗ ಹೆಂಗ ನಡೀತೈತಿ ಅಂತ ನೀವು ನೋಡಬೇಕಲ್ರಿ."

ಗಾಡಿ ಹೊರಟಿತು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಕೆಂಪು ದೀಪ ಹತ್ತಿತು, ವೇಗ ತಗ್ಗಿತು. ಆದರೆ ದಾರಿ ಒಂದು ಗೇಣೂ ತಪ್ಪಲಿಲ್ಲ. ತಿರುವು ದಾಟಿದ ಮೇಲೆ ಗುಡ್ಡಪ್ಪನೇ ಪಕ್ಕದಲ್ಲಿ ನಡೆಯುತ್ತ ಇನ್ನೊಂದು ಸೆನ್ಸರಿನ ವೈರು ಕಿತ್ತ. ಗಾಡಿ ಮತ್ತಷ್ಟು ನಿಧಾನವಾಗಿ ಸಾಗಿತು. ಮೂರನೆಯದನ್ನು ಕಿತ್ತಾಗ ನಡುದಾರಿಯಲ್ಲಿ ಸುಮ್ಮನೆ ನಿಂತುಬಿಟ್ಟಿತು.

"ಯಾಕ ನಿಂತಿತು ತಂಗಿ?" ಎಂದ ಸೋಮಣ್ಣ.

"ದಾರಿ ಖಾತ್ರಿ ಇಲ್ಲಂದ್ರ ನಿಂದರಬೇಕಂತ ಹೇಳೇನಿ ಕಾಕಾ. ಊಹಿ ಮ್ಯಾಲ ಹೊಂಟ್ರ ಮಂದೀಗೆ ಗುದ್ದತೈತಿ."

ಸೋಮಣ್ಣ ಗಾಡಿಯನ್ನು ಸುತ್ತಿ ನೋಡಿದ. "ಇದನ್ನ ನೋಡ್ಕೊಳ್ಳಾಕ ಒಬ್ಬ ಮನಷ್ಯಾ ಬೇಕಲ್ಲ? ನನಗ ಕಲಸು. ಬೆನ್ನ ಮ್ಯಾಲ ಹೊತ್ತಿದ್ದು ಸಾಕಾಗೇತಿ."

ಏನಂತೀರಿ ಎಂಬಂತೆ ಆಯಿಶಾ ಗುಡ್ಡಪ್ಪನ ಮುಖ ನೋಡಿದಳು. ಅವನಾಗಲೇ ಹಾವೇರಿಯಲ್ಲಿ ಇಂಥದೇ ಸ್ಟೋರೇಜು ನಡೆಸುವ ಭಾವನಿಗೆ ಫೋನ್ ಹಚ್ಚಿದ್ದ. "ಲಗೂ ಬಾ ಮಾರಾಯಾ, ಬಂದು ಕಣ್ಣಾರೆ ನೋಡು," ಎನ್ನುತ್ತಿದ್ದ. ಅವಳು ಸ್ಕ್ರೂಡ್ರೈವರನ್ನು ಸೋಮಣ್ಣನ ಕೈಗಿತ್ತು, ಮೊದಲು ಯಾವ ಸೆನ್ಸರು ಬಿಗಿಯಬೇಕೆಂದು ತೋರಿಸಿದಳು.